ರುಮಾಲು ಕಂಡಿತು, ಮುಖ ಕಾಣಲಿಲ್ಲ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಳೇ ಮನೆಗಳಿಗೆ ಹೋದರೆ ಪಡಸಾಲೆಯ ಗೋಡೆಯ ಮೇಲೆ, ತೊಲೆಯ ಕೆಳಗೆ, ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿದ ಕಪ್ಪು-ಬಿಳುಪು ಫೋಟೋ ಒಂದಾದರೂ ಇರ್ತದ. ಮನೆಯ ಹಿರಿಯರು ಬಿಳಿ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು, ಬಿಳಿ ರುಮಾಲು ಸುತ್ತಿ ಕುರ್ಚಿಯ ಮೇಲೆ ಕೂತಿರ್ತಾರ. ಧೋತರದ ನಿರಿಗೆ ಎಣಿಸಬಹುದು, ರುಮಾಲಿನ ಸುತ್ತು ಎಣಿಸಬಹುದು. ಮುಖ ಮಾತ್ರ ಒಂದು ಕಪ್ಪು ಮಚ್ಚೆ. ಕಣ್ಣು ಎಲ್ಲಿ, ಕೆನ್ನೆ ಎಲ್ಲಿ, ಮೀಸೆ ಎಲ್ಲಿ ಮುಗಿದು ತುಟಿ ಎಲ್ಲಿ ಸುರುವಾಯ್ತು, ತಿಳಿಯೋದಿಲ್ಲ. ಮನೆಯವರು ಹೆಸರು ಹೇಳಿದರೆ ನಾವು ಕೈಮುಗಿತೀವಿ. ಆದರೆ ಕೈಮುಗಿದದ್ದು ರುಮಾಲಿಗೆ.

ಯಾಕ ಹಿಂಗ ಆಗ್ಯದ ಅಂತ ಕೇಳಿದರೆ ಮೂರು ಉತ್ತರ ಬರ್ತಾವ. "ಬಿಸಿಲಾಗ ತೆಗೆದದ್ದು." "ನಮ್ಮಜ್ಜ ಕಪ್ಪಿದ್ದ." "ಹಳೇ ಫೋಟೋ, ಹಂಗ ಕಪ್ಪಾಗ್ಯದ." ಮೂರನೆಯದು ಸುಳ್ಳು. ಬೆಳ್ಳಿಯಿಂದಾದ ಫೋಟೋ ಹಳೆಯದಾದರೆ ಮಾಸುತ್ತದೆ, ಹಳದಿಯಾಗುತ್ತದೆ, ಕರಿಯ ಭಾಗದ ಮೇಲೆ ಕನ್ನಡಿಯಂಥ ಹೊಳಪು ಬರುತ್ತದೆ. ತಾನಾಗಿ ಮುಖ ಮುಚ್ಚುವಷ್ಟು ಕಪ್ಪಾಗುವುದಿಲ್ಲ. ಮೊದಲಿನ ಎರಡು ಅರ್ಧ ನಿಜ. ಬಿಸಿಲೂ ಇತ್ತು, ಅಜ್ಜನ ಬಣ್ಣವೂ ಕಪ್ಪೇ ಇತ್ತು. ಆದರೆ ಅಂಗಳದಲ್ಲಿ ನಿಂತು ನೋಡಿದವರಿಗೆ ಅಜ್ಜನ ಮುಖ ಕಾಣುತ್ತಿತ್ತಲ್ಲ? ಕಣ್ಣಿಗೆ ಕಂಡದ್ದು ಕಾಗದದ ಮೇಲೆ ಕಾಣಲಿಲ್ಲ ಅಂದಮೇಲೆ ನಡುವೆ ಯಾರೋ ಏನೋ ತೀರ್ಮಾನ ಮಾಡಿದ್ದಾರೆ. ಆ ತೀರ್ಮಾನ ಆದದ್ದು ಕತ್ತಲ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ. ಕಥೆ, ಕವಿತೆಗೆ ವಿಮರ್ಶೆ ಬರೀತೀವಿ, ನಾಟಕಕ್ಕೆ ಬರೀತೀವಿ. ಆ ತೀರ್ಮಾನಕ್ಕೂ ಒಂದು ವಿಮರ್ಶೆ ಬೇಕು ಅಂತ ನನಗೆ ಅನ್ನಿಸಿದೆ.

ಮೊದಲು ಕೆಲಸ ಹೆಂಗ ನಡೀತದ ನೋಡೋಣ. ಫಿಲ್ಮಿನ ಮೇಲೆ ಬೆಳಕು ಬಿದ್ದಲ್ಲಿ ಬೆಳ್ಳಿ ಕಪ್ಪಾಗಿ ಕೂರುತ್ತದೆ. ಹಾಗಾಗಿ ನೆಗೆಟಿವಿನಲ್ಲಿ ಬಿಳಿ ಧೋತರ ದಟ್ಟ ಕಪ್ಪು, ಕಪ್ಪು ಮುಖ ತೆಳು ಗಾಜಿನ ಹಾಗೆ. ಈ ನೆಗೆಟಿವನ್ನು ಎನ್‌ಲಾರ್ಜರಿನಲ್ಲಿಟ್ಟು ಬೆಳಕು ಹಾಯಿಸಿದಾಗ ದಟ್ಟ ಭಾಗದ ಮೂಲಕ ಕಡಿಮೆ ಬೆಳಕು, ತೆಳು ಭಾಗದ ಮೂಲಕ ಹೆಚ್ಚು ಬೆಳಕು ಇಳಿದು ಬ್ರೋಮೈಡ್ ಕಾಗದದ ಮೇಲೆ ಬೀಳುತ್ತದೆ. ಹೆಚ್ಚು ಬಿದ್ದಲ್ಲಿ ಕಾಗದ ಕಪ್ಪಾಗುತ್ತದೆ. ಧೋತರದ ನಿರಿಗೆ ಕಾಣಬೇಕಾದರೆ ಇಪ್ಪತ್ತು ಸೆಕೆಂಡು ಬೇಕು ಅಂತ ಇಟ್ಟುಕೊಳ್ಳಿ. ಮುಖಕ್ಕೆ ಹದಿನಾಲ್ಕೇ ಸೆಕೆಂಡು ಸಾಕು. ಇಪ್ಪತ್ತೂ ಸೆಕೆಂಡು ಎರಡಕ್ಕೂ ಬಿದ್ದರೆ ಧೋತರ ಸರಿ ಬರುತ್ತದೆ, ಮುಖ ಮುಳುಗುತ್ತದೆ.

ತೊಂದರೆಯ ಮೂಲ ಅಳತೆಯಲ್ಲಿದೆ. ಬಿಸಿಲು-ನೆರಳು ಎರಡೂ ಇರುವ ನೋಟದಲ್ಲಿ ಅತಿ ಬೆಳಕಿನ ಜಾಗಕ್ಕೂ ಅತಿ ಕತ್ತಲಿನ ಜಾಗಕ್ಕೂ ನಡುವೆ ಸಾವಿರ ಪಟ್ಟು ಅಂತರ ಇರಬಹುದು. ಹೊಳಪು ಕಾಗದದ ಮೇಲೆ ಬಿಳುಪಿಗೂ ಕಪ್ಪಿಗೂ ಇರುವ ಅಂತರ ಸುಮಾರು ನೂರು ಪಟ್ಟು. ಹತ್ತು ಸೇರಿನ ಜೋಳ ಒಂದು ಸೇರಿನ ಡಬ್ಬಿಯಲ್ಲಿ ಹಿಡಿಸಬೇಕು. ಏನನ್ನೋ ಬಿಡಲೇಬೇಕು. ಯಾವುದನ್ನು ಬಿಟ್ಟರು ಅನ್ನುವುದೇ ನನ್ನ ಪ್ರಶ್ನೆ.

ನಮ್ಮ ಕಡೆ ಬಹುಮಟ್ಟಿಗೆ ಬಿಟ್ಟದ್ದು ಮುಖವನ್ನು. ಇದಕ್ಕೆ ಸ್ಟುಡಿಯೋದವರನ್ನಷ್ಟೇ ದೂರಿದರೆ ನ್ಯಾಯವಲ್ಲ. ಗಿರಾಕಿ ಕೇಳುತ್ತಿದ್ದದ್ದೂ ಅದನ್ನೇ. ಧೋತರ ಬೆಳ್ಳಗೆ ಹೊಳೀಬೇಕು, ಜರಿ ಮಿಂಚಬೇಕು, ಫೋಟೋ ಖಡಕ್ ಇರಬೇಕು. ಖಡಕ್ ಬೇಕೆಂದರೆ ಗಡುಸು ಕಾಗದ ಹಾಕಬೇಕು. ಬ್ರೋಮೈಡ್ ಕಾಗದಕ್ಕೆ ನಂಬರು ಇರುತ್ತವೆ. ಎರಡು ಸಾಧಾರಣ. ಮೂರು, ನಾಲ್ಕು ಅಂತ ಮೇಲಕ್ಕೆ ಹೋದಷ್ಟು ಬಿಳುಪು ಬಿಳುಪೇ, ಕಪ್ಪು ಕಪ್ಪೇ, ನಡುವಿನದು ಮಾಯ. ನಡುವಿನದರಲ್ಲೇ ಅಲ್ಲವೇ ನಮ್ಮ ಮುಖಗಳಿರುವುದು?

ಮುಖ ಕಪ್ಪಾಯಿತೆಂದು ಗಿರಾಕಿ ತಕರಾರು ಮಾಡಿದಾಗ ಹುಡುಕಿದ ಉಪಾಯಗಳು ಎರಡು, ಎರಡೂ ತಪ್ಪು. ಒಂದು, ಫೋಟೋಕ್ಕೆ ಕೂರುವ ಮೊದಲೇ ಮುಖಕ್ಕೆ ಪೌಡರ್ ಬಳಿಯುವುದು, ಆಮೇಲೆ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದ ತಿದ್ದುವುದು. ಮುಖ ಬೆಳ್ಳಗಾಯಿತು, ನಿಜ. ಆದರೆ ಕೆನ್ನೆಯ ಗುಳಿ, ಹಣೆಯ ಗೆರೆ, ಸಿಡುಬಿನ ಕಲೆ ಎಲ್ಲ ಅಳಿಸಿಹೋಗಿ ಹಿಟ್ಟಿನ ಗೊಂಬೆ ಕೂತಂತೆ ಆಯಿತು. ಕತ್ತಲಲ್ಲಿದ್ದ ಮನುಷ್ಯನನ್ನು ಹೊರಗೆ ತರುವ ಬದಲು ಅವನ ಜಾಗದಲ್ಲಿ ಬೇರೆಯವನನ್ನು ಕೂರಿಸಿದರು. ಎರಡನೆಯದು, ಇಡೀ ಪ್ರಿಂಟನ್ನೇ ತೆಳ್ಳಗೆ ಮಾಡುವುದು. ಕಪ್ಪು ಬೂದಿಯಾಯಿತು, ಬಿಳುಪು ಸುಣ್ಣವಾಯಿತು. ಮುಖ ಕಂಡಿತು, ಮಂಜಿನಲ್ಲಿ ಕಂಡಂತೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ನೆರಳನ್ನು ಬೆಳ್ಳಗೆ ಮಾಡುವುದು ಬೇರೆ, ನೆರಳಿನೊಳಗಿನ ವಿವರ ಉಳಿಸುವುದು ಬೇರೆ. ಗದ್ವಾಲದ ಕರಿ ಸೀರೆ ನೋಡಿರಿ. ಒಡಲು ಹತ್ತಿ, ಅಂಚು ರೇಷ್ಮೆ, ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೂಡಿಸಿ ನೇಯ್ದಿರುತ್ತಾರೆ. ಒಡಲೂ ಕಪ್ಪು, ಅಂಚೂ ಕಪ್ಪು ಅಂತಲೇ ಇಟ್ಟುಕೊಳ್ಳಿ. ಆದರೂ ಹೆಣ್ಣುಮಕ್ಕಳು ದೂರದಿಂದಲೇ ಇದು ಹತ್ತಿ, ಇದು ರೇಷ್ಮೆ ಅಂತ ಹೇಳ್ತಾರ. ಕಪ್ಪಿನೊಳಗೇ ಎರಡು ಕಪ್ಪು ಇದ್ದಾವ. ಒಳ್ಳೆಯ ಪ್ರಿಂಟು ಈ ಎರಡು ಕಪ್ಪನ್ನೂ ಬೇರೆ ಬೇರೆ ತೋರಿಸುತ್ತದೆ. ಸೀರೆಯನ್ನು ಬೂದು ಮಾಡಿ ತೋರಿಸುವುದಿಲ್ಲ.

ಇದನ್ನು ಸಾಧಿಸುವ ಉಪಾಯಗಳು ಕತ್ತಲ ಕೋಣೆಯವರಿಗೆ ಬಹಳ ಹಿಂದೆಯೇ ಗೊತ್ತಿದ್ದವು. ಮೊದಲನೆಯದು ಕ್ಯಾಮೆರಾದಲ್ಲೇ ಆಗಬೇಕು: ಬೆಳಕಿನ ಲೆಕ್ಕ ಹಿಡಿಯುವಾಗ ಧೋತರಕ್ಕಲ್ಲ, ಮುಖಕ್ಕೆ ಹಿಡಿಯಬೇಕು. ಫಿಲ್ಮಿನ ಮೇಲೆ ನೆರಳಿನ ಗುರುತೇ ಬೀಳದಿದ್ದರೆ ಮುಂದೆ ಯಾವ ದೇವರೂ ತರಲಾರ. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಎಂಬವರು 1940ರ ಸುಮಾರಿಗೆ ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮಾಡಿ ಕಲಿಸಿದರು. ಸೊನ್ನೆ ಅಂದರೆ ಪೂರ್ಣ ಕಪ್ಪು, ಹತ್ತು ಅಂದರೆ ಬರಿ ಕಾಗದ. ಅವರ ಲೆಕ್ಕದಲ್ಲಿ ಮೂರನೆಯ ಮೆಟ್ಟಿಲಿನಲ್ಲಿ ಕಪ್ಪು ವಸ್ತುವಿನ ನೇಯ್ಗೆ ಚೆನ್ನಾಗಿ ಕಾಣಬೇಕು. ಅದಕ್ಕಿಂತ ಕೆಳಗಿಳಿದರೆ ವಿವರ ಕರಗುತ್ತಾ ಹೋಗುತ್ತದೆ.

ಎರಡನೆಯದು ತಡೆ ಹಿಡಿಯುವುದು. ಸಣ್ಣ ತಂತಿಯ ತುದಿಗೆ ರಟ್ಟಿನ ತುಂಡು ಸಿಕ್ಕಿಸಿ, ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು, ಮುಖದ ಮೇಲೆ ಐದಾರು ಸೆಕೆಂಡು ನೆರಳು ಬೀಳಿಸುವುದು. ಗುರುತು ಬೀಳದಂತೆ ಕೈ ಅಲುಗಾಡಿಸುತ್ತಿರಬೇಕು. ಡಾಡ್ಜಿಂಗ್ ಅಂತಾರ ಇದಕ್ಕ. ಖರ್ಚು ಏನೂ ಇಲ್ಲ, ಬೇಕಾದದ್ದು ಪ್ರತಿ ಪ್ರಿಂಟಿಗೂ ಅರ್ಧ ನಿಮಿಷದ ಗಮನ. ಮೂರನೆಯದು ಕಾಗದದ ಆಯ್ಕೆ. ಬರಿ ಮೃದು ಕಾಗದ ಹಾಕಿದರೆ ನೆರಳು ತೆರೆಯುತ್ತದೆ, ಆದರೆ ರಾಡಿಯಾಗುತ್ತದೆ. ಅದಕ್ಕೇ ಬಲ್ಲವರು ಸಾಧಾರಣ ಕಾಗದದ ಮೇಲೆಯೇ ಮುಖವನ್ನು ತಡೆಹಿಡಿದು, ನೆರಳಿನೊಳಗಿನ ಏರಿಳಿತ ಉಳಿಸುತ್ತಿದ್ದರು. ನಾಲ್ಕನೆಯದು ರಸಾಯನ. 1883ರಲ್ಲಿ ಹೊವಾರ್ಡ್ ಫಾರ್ಮರ್ ಹೇಳಿಕೊಟ್ಟ, ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಹೈಪೋ ಬೆರೆಸಿದ ನೀರನ್ನು ಹತ್ತಿಯಲ್ಲಿ ಅದ್ದಿ, ಒದ್ದೆ ಪ್ರಿಂಟಿನ ಮೇಲೆ ಕೆನ್ನೆಯ ಏಣಿಗೆ, ಕಣ್ಣಿನ ಬಿಳಿಗೆ ಮೆಲ್ಲಗೆ ಮುಟ್ಟಿಸಿದರೆ ಅಲ್ಲಿ ಸ್ವಲ್ಪ ಬೆಳ್ಳಿ ಕರಗಿ ಕಳೆ ಬರುತ್ತದೆ. ಸುತ್ತಲಿನ ಕಪ್ಪು ಹಾಗೇ ಉಳಿಯುತ್ತದೆ.

ಐದನೆಯದನ್ನು ನಮ್ಮ ಕಡೆಯ ಮನೆಗಳನ್ನು ನೋಡಿದವರೇ ಹೇಳಬೇಕು. ಒದ್ದೆ ಪ್ರಿಂಟು ಒಣಗಿದ ಮೇಲೆ ಒಂದು ಛಾಯೆ ಕಪ್ಪಾಗುತ್ತದೆ. ಅದಲ್ಲದೆ ಸ್ಟುಡಿಯೋದಲ್ಲಿ ದೊಡ್ಡ ಬಲ್ಬಿನ ಕೆಳಗೆ ಹಿಡಿದು "ಭಾಳ ಚಲೋ ಬಂದದ" ಅಂದದ್ದನ್ನು ನಾವು ತಂದು ತೂಗುಹಾಕುವುದು ಎಲ್ಲಿ? ದಪ್ಪ ಗೋಡೆ, ಸಣ್ಣ ಕಿಟಕಿ, ತಗ್ಗು ಮಾಳಿಗೆಯ ಪಡಸಾಲೆಯಲ್ಲಿ, ಅದೂ ತೊಲೆಯ ಕೆಳಗಿನ ಕತ್ತಲಲ್ಲಿ. ಅಲ್ಲಿಯ ಬೆಳಕಿಗೆ ಲೆಕ್ಕ ಹಿಡಿದು ಪ್ರಿಂಟು ಮಾಡಿದವರು ಬಹಳ ಕಡಿಮೆ. ಪುಸ್ತಕದ ಅಕ್ಷರ ಓದುವವನ ಕಣ್ಣಿಗೆ ತಕ್ಕಂತೆ ಇರಬೇಕು ಅನ್ನೋದಾದರೆ ಪಟವೂ ತೂಗುವ ಗೋಡೆಗೆ ತಕ್ಕಂತೆ ಇರಬೇಕು.

ಒಂದು ಉದಾಹರಣೆ ಹೇಳಬೇಕು. ಕೃಷ್ಣಾ ನದಿಯ ಈಚೆ ದಂಡೆಯ ಒಂದು ಕನ್ನಡ ಶಾಲೆಯ ಗುಂಪು ಫೋಟೋದ ಎರಡು ಪ್ರಿಂಟುಗಳನ್ನು ನಾನು ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ನೆಗೆಟಿವ್ ಒಂದೇ, ಪ್ರಿಂಟು ಮಾಡಿದ ಕೈ ಎರಡು. ಮುಂದಿನ ಸಾಲಿನಲ್ಲಿ ಮಾಸ್ತರರು, ಊರ ಹಿರಿಯರು, ಬಿಸಿಲಲ್ಲಿ, ಕುರ್ಚಿಯ ಮೇಲೆ. ಹಿಂದಿನ ಸಾಲಿನ ಮಕ್ಕಳು ಬೇವಿನ ಮರದ ನೆರಳಲ್ಲಿ, ಬೆಂಚಿನ ಮೇಲೆ ನಿಂತವರು. ಮೊದಲನೆಯ ಪ್ರಿಂಟಿನಲ್ಲಿ ಮುಂದಿನ ಸಾಲು ಬೆಳ್ಳಿಯ ಹಾಗೆ ಇದೆ. ಹಿಂದಿನ ಸಾಲಿನಲ್ಲಿ ಅಂಗಿಗಳಿವೆ, ತಲೆಗಳಿಲ್ಲ. ಎರಡನೆಯದರಲ್ಲಿ ಯಾರೋ ಪುಣ್ಯಾತ್ಮರು ಆ ಸಾಲಿನ ಉದ್ದಕ್ಕೂ ರಟ್ಟು ಆಡಿಸಿದ್ದಾರೆ. ಹತ್ತು ಹನ್ನೊಂದು ಮಕ್ಕಳು. ಒಬ್ಬನ ಕಣ್ಣು ಮುಚ್ಚಿದೆ, ಒಬ್ಬ ನಗು ತಡೆದುಕೊಂಡಿದ್ದಾನೆ, ಒಬ್ಬಳ ಜಡೆಯ ಹೂ ಮುಂದೆ ಬಿದ್ದಿದೆ. ಮರದ ನೆರಳು ನೆರಳಾಗಿಯೇ ಉಳಿದಿದೆ. ಶಾಲೆಯ ಗೋಡೆಗೆ ತೂಗುಹಾಕಿದ್ದು ಮೊದಲನೆಯದು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಲು ಬಂದಾಗ "ನಾನು ಇಲ್ಲೇ ಎಲ್ಲೋ ಇದ್ದೆ" ಅಂತ ಬೆರಳು ತೋರಿಸಬೇಕಾಗಿ ಬಂದದ್ದು ಒಂದು ಕಪ್ಪು ಪಟ್ಟಿಯನ್ನು. ಇದನ್ನು ಬರೀ ಕುಶಲತೆಯ ಕೊರತೆ ಅಂದು ಬಿಡಲಾರೆ. ಗುಂಪು ಫೋಟೋದಲ್ಲಿ ನೆರಳಿಗೆ ನಿಲ್ಲುವವರು ಯಾರು ಅನ್ನುವುದು ಮೊದಲೇ ನಿಶ್ಚಯವಾಗಿರುತ್ತದೆ. ಕತ್ತಲ ಕೋಣೆ ಅದಕ್ಕೆ ಮುದ್ರೆ ಒತ್ತುತ್ತದೆ, ಇಲ್ಲವೇ ತಿದ್ದುತ್ತದೆ.

ಹಳೇ ಕಾಲದ ದೊಡ್ಡ ಕೈಗಳ ಕಡೆ ನೋಡೋಣ. ನಮ್ಮದು ನಿಜಾಮರ ಸೀಮೆ. ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳರು (1844–1905) ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟವರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅವರಿಗೆ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಅವರ 2,800ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಆ ಕಾಲದ ಮೊಟ್ಟೆಯ ಬಿಳಿ ಹಚ್ಚಿದ ಕಾಗದಕ್ಕೆ ಒಂದು ಗುಣವಿತ್ತು. ನೆಗೆಟಿವನ್ನು ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟರೆ ಚಿತ್ರ ಅಲ್ಲೇ ಮೂಡುತ್ತಿತ್ತು. ಮೊದಲು ಕಪ್ಪಾದ ನೆರಳಿನ ಭಾಗ ತಾನೇ ಪರದೆಯಾಗಿ ಮುಂದಿನ ಬೆಳಕನ್ನು ತಡೆಯುತ್ತಿತ್ತು. ಹಾಗಾಗಿ ಬಿಳಿ ಭಾಗ ಮೂಡುವವರೆಗೆ ಕಾದರೂ ನೆರಳು ಪೂರ್ತಿ ಮುಚ್ಚುತ್ತಿರಲಿಲ್ಲ. ರಟ್ಟು ಹಿಡಿಯುವ ಕೆಲಸ ಕಾಗದವೇ ಮಾಡುತ್ತಿತ್ತು ಅನ್ನಿರಿ. ಅಂಥ ಹಳೇ ಪ್ರಿಂಟುಗಳಲ್ಲಿ ಕರಿ ಶೇರವಾನಿಯ ಮಡಿಕೆಗಳು ಕಾಣುವುದಕ್ಕೆ ಇದೂ ಒಂದು ಕಾರಣ.

ಆದರೆ ಆ ಕಾಲಕ್ಕೆ ಇನ್ನೊಂದು ದೋಷವೂ ಇತ್ತು. ಮೊದಮೊದಲಿನ ಗಾಜಿನ ಪ್ಲೇಟುಗಳು ನೀಲಿ ಬೆಳಕನ್ನಷ್ಟೇ ಚೆನ್ನಾಗಿ ಹಿಡಿಯುತ್ತಿದ್ದವು, ಕೆಂಪಿಗೆ ಕುರುಡು. ನಮ್ಮ ಚರ್ಮದ ಕಂದು ಬಣ್ಣದಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಹಾಗಾಗಿ ಕಣ್ಣಿಗೆ ಕಂಡದ್ದಕ್ಕಿಂತ ಮುಖ ಕಪ್ಪಾಗಿ ಬರುತ್ತಿತ್ತು. ಸಂತೆಬೀದಿಯ ಪೆಟ್ಟಿಗೆ ಕ್ಯಾಮೆರಾದವರು ಫಿಲ್ಮಿನ ಬದಲು ಬ್ರೋಮೈಡ್ ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳುತ್ತಿದ್ದರಿಂದ ಅವರ ಫೋಟೋಗಳಲ್ಲೂ ಇದೇ ಗತಿ. ಕತ್ತಲ ಕೋಣೆಯಲ್ಲಿ ಕೆಂಪು ದೀಪ ಯಾಕ ಹಚ್ಚತಾರ ಅಂತ ಮಕ್ಕಳು ಕೇಳಿದರೆ ಮಾಸ್ತರರು ಇದೇ ಉತ್ತರ ಕೊಡಬಹುದು: ಆ ಕಾಗದಕ್ಕೆ ಕೆಂಪು ಕಾಣೋದಿಲ್ಲ. ನಾರಾಯಣಪೇಟೆಯ ಕೆಂಪು ಚೌಕಳಿ ಸೀರೆ ಅಂಥ ಫೋಟೋದಲ್ಲಿ ಕರಿ ಸೀರೆಯಾಗುವುದೂ ಅದಕ್ಕೇ. ಅಂದಮೇಲೆ "ನಮ್ಮಜ್ಜ ಕಪ್ಪಿದ್ದ" ಅನ್ನುವ ಮೊದಲು ಯಾವ ಪ್ಲೇಟು, ಯಾವ ಕಾಗದ ಅಂತ ಕೇಳಬೇಕು.

ಕಪ್ಪು ಮುಖವನ್ನು ಕಪ್ಪಾಗಿಯೇ, ಆದರೆ ಪೂರ್ತಿಯಾಗಿ ತೋರಿಸಿದವರಲ್ಲಿ ನಾನು ದೊಡ್ಡವರೆಂದು ಎಣಿಸುವುದು ನ್ಯೂಯಾರ್ಕಿನ ರಾಯ್ ಡಿಕರಾವಾ (1919–2009) ಅವರನ್ನು. ಅವರೂ ಕಪ್ಪು ಜನಾಂಗದವರೇ. ಹಾರ್ಲೆಮ್ ಎಂಬ ಕೇರಿಯ ತಮ್ಮ ಜನರ ಚಿತ್ರಗಳನ್ನು ತೆಗೆದು, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಬರಹದೊಂದಿಗೆ 1955ರಲ್ಲಿ ಪುಸ್ತಕ ತಂದರು. 1953ರ ಅವರ ಒಂದು ಚಿತ್ರದಲ್ಲಿ ಬಡವರ ವಠಾರದ ಇಕ್ಕಟ್ಟಾದ ಓಣಿಯಂಥ ಹಾದಿ ಇದೆ, ಮಂಕು ದೀಪವಿದೆ, ಮನುಷ್ಯರೇ ಇಲ್ಲ. ಮೊದಲ ನೋಟಕ್ಕೆ ಬರಿ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗೋಡೆ ಗೋಡೆಯಾಗಿ, ನೆಲ ನೆಲವಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಮನೆಯ ಒಳಕೋಣೆಗೆ ಬಿಸಿಲಿನಿಂದ ಬಂದಾಗ ಆಗುವ ಹಾಗೇ. ಡಿಕರಾವಾ ತಮ್ಮ ಜನರ ಮುಖಕ್ಕೆ ಪೌಡರ್ ಹಚ್ಚಲಿಲ್ಲ, ಫ್ಲಾಶ್ ಹೊಡೆಯಲಿಲ್ಲ. ನೋಡುವವನೇ ಸ್ವಲ್ಪ ಹೊತ್ತು ನಿಲ್ಲಬೇಕು ಅಂದರು. ಆದರೆ ನಿಂತವನಿಗೆ ಮೋಸ ಮಾಡಲಿಲ್ಲ. ನಮ್ಮ ಗೋಡೆಗಳ ಕಪ್ಪು ಮುಖಗಳಿಗೂ ಅವರ ಕಪ್ಪು ಮುಖಗಳಿಗೂ ಇರುವ ವ್ಯತ್ಯಾಸ ಇದೇ. ನಮ್ಮವುಗಳ ಮುಂದೆ ಎಷ್ಟು ಹೊತ್ತು ನಿಂತರೂ ಏನೂ ಸಿಗೋದಿಲ್ಲ.

ಕನ್ನಡದಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರು ಎಲ್ಲರಿಗೂ ಗೊತ್ತು. 1977ರಲ್ಲಿ ಪದ್ಮಶ್ರೀ ಬಂತು. 1979ರ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅವರ 'ಕಾಲಕ್ಕೆ ಕನ್ನಡಿ' ಗ್ರಂಥಾಲಯಗಳಲ್ಲಿ ಇರಬೇಕಾದ ಪುಸ್ತಕ. ಆದರೆ ನಮ್ಮಂಥವರಿಗೆ ಇಂಥವರ ಚಿತ್ರ ಸಿಗುವುದು ಪತ್ರಿಕೆಯಲ್ಲಿ. ಪತ್ರಿಕೆಯವರು ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಒಡೆದು ಅಚ್ಚು ಹಾಕುತ್ತಾರೆ. ನ್ಯೂಸ್‌ಪ್ರಿಂಟಿಗೆ ಅಂಗುಲಕ್ಕೆ 65ರಿಂದ 85 ಸಾಲು, ಆರ್ಟ್ ಕಾಗದಕ್ಕೆ 133ರಿಂದ 150 ಸಾಲು. ಅಗ್ಗದ ಕಾಗದದ ಮೇಲೆ ಮಸಿ ಹರಡುತ್ತದೆ. ನೆರಳಿನ ಚುಕ್ಕಿಗಳು ಮೊದಲೇ ದಟ್ಟ, ಹರಡಿದ ಮೇಲೆ ಒಂದಕ್ಕೊಂದು ಕೂಡಿ ಮುಚ್ಚಿಹೋಗುತ್ತವೆ. ಕತ್ತಲ ಕೋಣೆಯಲ್ಲಿ ಗಂಟೆಗಟ್ಟಲೆ ನಿಂತು ತೆರೆದ ನೆರಳು ಅಚ್ಚಿನ ಮನೆಯಲ್ಲಿ ಅರೆಗಳಿಗೆಯಲ್ಲಿ ಮತ್ತೆ ಮುಚ್ಚಿತು. ಪತ್ರಿಕೆಯ ಕತ್ತರಿಕೆ ನೋಡಿ ಛಾಯಾಗ್ರಾಹಕನ ನೆರಳು ಚೆನ್ನಾಗಿಲ್ಲ ಅನ್ನುವುದು, ತೂತು ಕೊಡದಲ್ಲಿ ನೀರು ತಂದು ಬಾವಿ ಬತ್ತ್ಯದ ಅಂದಂತೆ. ನಮ್ಮ ಕಡೆಯ ಸ್ಮರಣ ಸಂಚಿಕೆಗಳದೂ ಇದೇ ಕಥೆ. ಫೋಟೋದ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು, ಅದನ್ನು ಅಚ್ಚಿಗೆ ಕೊಟ್ಟರೆ ಹಿರಿಯರ ಹೆಸರಿನ ಮೇಲೆ ಒಂದು ಮಸಿಯ ಹೆಬ್ಬೆಟ್ಟು ಉಳಿಯುತ್ತದೆ.

ಹಾಗಂತ ಎಲ್ಲ ನೆರಳನ್ನೂ ತೆರೆಯಬೇಕು ಅಂತ ನನ್ನ ವಾದವಲ್ಲ. ನಮ್ಮ ಕೃಷ್ಣಾ ಮಂಡಲದ ಮುಡುಮಾಲದ ನಿಲುವುಗಲ್ಲುಗಳಿಗೆ ಹೋಗಿರಿ. ಅಲ್ಲಿಯ ಬಂಡೆಯ ಮೇಲೆ ಹಿಂದಿನವರು ಕೊರೆದ ಸಣ್ಣ ಸಣ್ಣ ಬಟ್ಟಲುಗುಳಿಗಳಿವೆ, ನಕ್ಷತ್ರಗಳ ಗುರುತು ಅಂತ ಹೇಳ್ತಾರ. ಬಿಸಿಲು ಓರೆಯಾಗಿ ಬಿದ್ದು ಪ್ರತಿ ಗುಳಿಯಲ್ಲೂ ನೆರಳು ನಿಂತಾಗ ಅವು ಎದ್ದು ಕಾಣುತ್ತವೆ. ಆ ನೆರಳನ್ನು ಪ್ರಿಂಟಿನಲ್ಲಿ ಬೆಳ್ಳಗೆ ಮಾಡಿದರೆ ಗುಳಿಯೇ ಮಾಯವಾಗಿ ಬರಿ ಬಂಡೆ ಉಳಿಯುತ್ತದೆ. ಅಲ್ಲಿ ನೆರಳೇ ಅಕ್ಷರ. ಮುಖದಲ್ಲಿ ಅಕ್ಷರ ನೆರಳಿನೊಳಗೆ ಇದೆ. ಯಾವುದು ಎಲ್ಲಿ ಅಂತ ತಿಳಿದು ಕೈ ಆಡಿಸುವವನು ಒಳ್ಳೆಯ ಪ್ರಿಂಟುಗಾರ. ಎಲ್ಲದಕ್ಕೂ ಒಂದೇ ಲೆಕ್ಕ ಹಿಡಿಯುವವನು ಬರೀ ಕೆಲಸ ಮುಗಿಸುವವನು.

ಈಗ ಈ ಮಾತು ಯಾಕ ಅಂದರೆ, ಕತ್ತಲ ಕೋಣೆಗಳು ಮುಚ್ಚಿದವು. ಊರಿನ ಹಳೇ ಸ್ಟುಡಿಯೋಗಳು ಬಾಗಿಲು ಹಾಕುವಾಗ ನೆಗೆಟಿವಿನ ಡಬ್ಬಿಗಳು ಗುಜರಿಗೆ ಹೋಗುತ್ತಿವೆ. ಮನೆಗಳಲ್ಲಿ ಹುಡುಗರು ಹಳೇ ಪಟವನ್ನು ಮೊಬೈಲಿನಲ್ಲಿ ಹಿಡಿದು, ಬೆಳ್ಳಗೆ ಮಾಡುವ ಗುಂಡಿ ಒತ್ತಿ, ಬಣ್ಣ ತುಂಬಿ, ಹೊಸ ಕಟ್ಟು ಹಾಕಿಸಿ, ಹಳೇದನ್ನು ಬಿಸಾಡುತ್ತಿದ್ದಾರೆ. ಪೌಡರ್ ಬಳಿದ ಕಾಲವೇ ತಿರುಗಿ ಬಂದದ. ಯಂತ್ರ ಊಹಿಸಿ ತುಂಬಿದ ಕಣ್ಣು ಅಜ್ಜನದಲ್ಲ. ಅಜ್ಜನ ಕಣ್ಣು ಉಳಿದಿದ್ದರೆ ನೆಗೆಟಿವಿನಲ್ಲಿ ಉಳಿದಿದೆ. ಯಾಕಂದರೆ ಮುಖ ಮುಳುಗಿದ್ದು ಬಹಳ ಸಲ ಪ್ರಿಂಟಿನಲ್ಲಿ, ಫಿಲ್ಮಿನಲ್ಲಲ್ಲ. ಪ್ರಿಂಟು ಆ ದಿನದ ಒಬ್ಬರ ತೀರ್ಮಾನ. ನೆಗೆಟಿವ್ ಇದ್ದರೆ ಇನ್ನೊಂದು ತೀರ್ಮಾನಕ್ಕೆ ಜಾಗ ಇರ್ತದ.

ಆದ್ದರಿಂದ ಓದುಗ ಬಂಧುಗಳಲ್ಲಿ, ವಿಶೇಷವಾಗಿ ಮಾಸ್ತರರಲ್ಲಿ ನನ್ನ ವಿನಂತಿ ಇಷ್ಟೇ. ಟ್ರಂಕಿನ ತಳದಲ್ಲಿ, ಲಗ್ನದ ಆಲ್ಬಮ್ಮಿನ ಹಿಂದೆ, ಕಾಗದದ ಲಕೋಟೆಯಲ್ಲಿ ನೆಗೆಟಿವ್ ಇದೆಯೇ ನೋಡಿರಿ. ಅಂಚು ಹಿಡಿದು ಎತ್ತಿರಿ, ನಡುವೆ ಬೆರಳು ಮುಟ್ಟಿಸಬೇಡಿರಿ. ಕಿಟಕಿಯ ಬೆಳಕಿಗೆ ಹಿಡಿದು ಮುಖದ ತೆಳು ಭಾಗವನ್ನು ನಿಧಾನಕ್ಕೆ ನೋಡಿರಿ. ಅಲ್ಲಿ ಹುಬ್ಬಿನ ಗೆರೆ, ಮೂಗಿನ ಅಂಚು, ಎಳೆಯಷ್ಟಾದರೂ ಕಂಡರೆ ಆ ಮುಖವನ್ನು ಮತ್ತೆ ಪ್ರಿಂಟಿನಲ್ಲಿ ತರಲು ಬರ್ತದ. ಪ್ಲಾಸ್ಟಿಕ್ ಚೀಲ ಬಿಟ್ಟು ಒಣ ಕಾಗದದಲ್ಲಿ ಸುತ್ತಿ, ಹೊರಗೆ ಊರು, ಹೆಸರು ಬರೆದು ವಾಚನಾಲಯಕ್ಕೆ ತಂದು ತೋರಿಸಿರಿ. ಸ್ಕ್ಯಾನು ಮಾಡಿಸುವುದಾದರೆ ಗೋಡೆಯ ಪಟದಿಂದಲ್ಲ, ನೆಗೆಟಿವಿನಿಂದಲೇ ಮಾಡಿಸೋಣ, ಮುಖಕ್ಕೆ ಲೆಕ್ಕ ಹಿಡಿಯಲು ಹೇಳೋಣ. ಧೋತರ ಸ್ವಲ್ಪ ಮಂಕಾದರೂ ನಡೀತದ.